ಸಾಕ್ ಬಿಡ್ರಿ, ಎಷ್ಟ್ ಸಲ ಒತ್ತತೀರಿ!

ಖರೇ ಹೇಳ್ರಿ. 2024ರ ಮೇ 9ಕ್ಕ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತಲ್ಲ, ಮುಂಜಾನಿ ಹತ್ತೂವರಿಗೆ ನಿಮ್ಮ ಹೆಬ್ಬೆರಳು ಎಲ್ಲಿತ್ತು? ಮಗಳ ರಿಜಿಸ್ಟರ್ ನಂಬರ್ ಹಾಕಿದ್ರಿ, ಹುಟ್ಟಿದ ತಾರೀಖು ಹಾಕಿದ್ರಿ, ಸ್ಕ್ರೀನ್ ಮ್ಯಾಲ ಚಕ್ಕರ್ ತಿರುಗಾಕ ಹತ್ತಿತು. ಒಂದು ಉಸುರು ತಡದ್ರೇನು? ಇಲ್ಲ. ಮತ್ತ ರಿಫ್ರೆಶ್ ಒತ್ತಿದ್ರಿ. (ಪುಣೆದಾಗಿನ ಕಾಕಾಗೂ ನಂಬರ್ ಕಳಿಸಿ ಒತ್ತಸಿದ್ರಿ. ನಮಗ ಗೊತ್ತಿಲ್ಲ ಅನ್ಕೋಬ್ಯಾಡ್ರಿ.)

ಆಮ್ಯಾಲ ಕಟ್ಟಿಗೆ ಬಂದು ಕುಂತು "ಸರ್ವರ್ ಡೌನ್ ಐತ್ರಿ, ಏನ್ ಮಂದಿನೋ ಏನೋ" ಅಂತ ಬಯ್ದ್ರಿ. ಆ ವರ್ಷ ಪರೀಕ್ಷಾ ಬರದ ಹುಡುಗೂರು ಎಂಟು ಲಕ್ಷಕ್ಕೂ ಜಾಸ್ತಿ. ಒಬ್ಬೊಬ್ಬರ ಹಿಂದ ಎಷ್ಟು ಕಾಕಾ, ಎಷ್ಟು ಮಾವ, ನೀವ ಲೆಕ್ಕಾ ಹಾಕ್ರಿ. ನೀವು ಒತ್ತಿದ್ದೆಲ್ಲಾ ಸರ್ವರಿಗೆ ಹೊಸಾ ಅರ್ಜಿ. ಮೊದಲಿನ ಕೆಲಸ ಅರ್ಧಕ್ಕ ಇರತೈತಿ, ಅಷ್ಟರಾಗ ಎರಡನೇದು ಬಂದು ಬೀಳತೈತಿ. ಡೌನ್ ಮಾಡಿದವರು ಯಾರು ಹಂಗಾರ?

ಆದ್ರ ತಪ್ಪೆಲ್ಲಾ ನಿಮ್ಮದ ಅಲ್ಲ, ಗಾಬರಿ ಆಗಬ್ಯಾಡ್ರಿ. ಒಂದು ಪೇಜ್ ತೋರಸಾಕ ಸರ್ವರ್ ಏನೇನ್ ಮಾಡತೈತಿ ಗೊತ್ತೇನು? ಪ್ರೋಗ್ರಾಂ ಓಡಸತೈತಿ, ಡೇಟಾಬೇಸ್ ಕಡೆ ಹೋಗಿ ಹುಡುಕತೈತಿ, ಸಿಕ್ಕಿದ್ದು ತಂದು ಹೆಡಿಂಗ್ ಹಚ್ಚಿ, ಮೆನು ಹಚ್ಚಿ ಕೊಡತೈತಿ. ಅದೇ ಮುಖಪುಟ ಸಾವಿರ ಮಂದಿ ಕೇಳಿದ್ರ ಸಾವಿರ ಸಲ ಇದೇ ಓಡಾಟ. ಒಮ್ಮೆ ಮಾಡಿದ್ದನ್ನ ಬಾಜೂಕ ಇಟ್ಕೊಂಡು ಕೇಳಿದವರಿಗೆಲ್ಲಾ ಅದನ್ನ ಕೊಡೂದಕ್ಕ ಕ್ಯಾಶಿಂಗ್ ಅಂತಾರ.

ನೀವು ಕುಲಗೋಡದ ಮಂದಿ, ನಿಮಗ ಇದನ್ನ ಬಿಡಿಸಿ ಹೇಳೂದು ಬ್ಯಾಡ. ಶ್ರೀಕೃಷ್ಣ ಪಾರಿಜಾತ ಆಟದ ತಮ್ಮಣ್ಣನ ಊರಿದು. ಕೌಜಲಗಿ ನಿಂಗಮ್ಮ ಇದೇ ಆಟ ಆಡಿ ನಾಡಿಗೆಲ್ಲಾ ಹೆಸರಾದಾಕಿ. ರಾತ್ರಿಪೂರ್ತಿ ನಡಿಯೂ ಆಟದಾಗ ಪದಕ್ಕೊಮ್ಮೆ ಪುಸ್ತಕ ತಗದು ಹಾಳಿ ತಿರುವಿದ್ರ ಸತ್ಯಭಾಮಿ ಸಿಟ್ಟು ಇಳಿಯೂದರಾಗ ಬೆಳಕ ಹರೀತಿತ್ತು. ಅದಕ್ಕ ಪದಾ ಎಲ್ಲಾ ಬಾಯಿಪಾಠ. ಪುಸ್ತಕ ಅಂದ್ರ ಡೇಟಾಬೇಸ್, ಬಾಯಿಪಾಠ ಅಂದ್ರ ಕ್ಯಾಶ್. ಮುಗೀತು ಪಾಠ. (ಫೀ ಆಮ್ಯಾಲ ಕೊಡ್ರಿ.)

ನಿಮ್ಮಂಥ ಅವಸರದ ಮಂದಿ ಹೊರಗೂ ಅದಾರ, ನಾಚಿಕೊಬ್ಯಾಡ್ರಿ. ಅಮೆರಿಕದಾಗ ಲೈವ್‌ಜರ್ನಲ್ ನಡಸ್ತಿದ್ದ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಓದೂ ಮಂದಿ ಕಾಟ ತಾಳಲಾರದ 2003ರಾಗ ಮೆಮ್‌ಕ್ಯಾಶ್ಡ್ ಬರದ. ನಾರ್ವೆದ ವಿಜಿ ಪತ್ರಿಕೆ ಸೈಟಿನ ಸಲುವಾಗಿ 2006ರಾಗ ವಾರ್ನಿಶ್ ಬಂತು. ಇಟಲಿಯ ಸಾಲ್ವಟೋರೆ ಸಾನ್‌ಫಿಲಿಪ್ಪೊ 2009ರಾಗ ರೆಡಿಸ್ ಕೊಟ್ಟ. ಇವು ಮೂರೂ ಡಿಸ್ಕಿನ ತನಕ ಓಡದ ರ‍್ಯಾಮಿನಾಗ ಇದ್ದದ್ದನ್ನ ಪಟ್ನ ಎತ್ತಿ ಕೊಡತಾವ.

ಈಗ ನಿಮ್ಮ ಅಳಿಯನ ಕಡೆ ಬರೋಣ. ಬೆಲ್ಲ ಮಾರಾಕ ವರ್ಡ್‌ಪ್ರೆಸ್ ಸೈಟ್ ಮಾಡ್ಯಾನಲ್ಲ? ಸ್ಲೋ ಐತಿ ಅಂತ ಡಬ್ಲ್ಯೂಪಿ ಸೂಪರ್ ಕ್ಯಾಶ್ ಅನ್ನೂ ಪ್ಲಗಿನ್ ಹಾಕಿದ. ಸಾಲಲಿಲ್ಲ, ಮ್ಯಾಲ ಡಬ್ಲ್ಯೂ3 ಟೋಟಲ್ ಕ್ಯಾಶ್ ಹಾಕಿದ. (ಎರಡು ಹಾಕಿದ್ರ ಎರಡ್ ಪಟ್ಟು ಜೋರ್ ಆಗತೈತಿ ಅಂತ ನೀವ ಹೇಳಿಕೊಟ್ಟಿದ್ದು.) ಎರಡೂ ಅಡ್ವಾನ್ಸ್ಡ್-ಕ್ಯಾಶ್.ಪಿಎಚ್‌ಪಿ ಅನ್ನೂ ಒಂದೇ ಫೈಲಿಗೆ ಕೈ ಹಾಕತಾವ. ಒಂದು ಬರದದ್ದನ್ನ ಇನ್ನೊಂದು ಅಳಸತೈತಿ, ಸೈಟ್ ನಡುವ ಒದ್ದಾಡತೈತಿ.

ಇನ್ನ ಲೈಟ್‌ಸ್ಪೀಡ್ ಕ್ಯಾಶ್ ಅಂತ ಒಂದೈತಿ, ಛಲೋನ ಐತಿ. ಆದ್ರ ಅದರ ಪೇಜ್ ಕ್ಯಾಶ್ ನಡಿಬೇಕಂದ್ರ ಸರ್ವರೂ ಲೈಟ್‌ಸ್ಪೀಡ್ ಇರಬೇಕು, ಇಲ್ಲಾ ಅವರದೇ ಕ್ಲೌಡ್ ಸೇವೆ ತಗೋಬೇಕು. ಹೋಸ್ಟಿಂಗ್ ಯಾವ್ದು ಅಂತ ಕೇಳಿದ್ರ "ಎಲ್ಲಾರಕಿಂತ ಸೋವಿ ಇರೂದ್ರಿ" ಅಂತಾನ ಅಂವ. ಮುಖಪುಟಕ್ಕ ಹಾಕಿದ ಗಾಣದ ಫೋಟೊ ನೋಡಿದ್ರೇನು? ಮೊಬೈಲಿನಾಗ ಹೊಡದದ್ದು ಹೊಡದಂಗ ಏರಿಸ್ಯಾನ, ಸಣ್ಣದ ಮಾಡಿಲ್ಲ. ಬರೇ ಕ್ಯಾಶಿಂಗ್ ಏನ್ ಮಾಡತೈತ್ರಿ ಅದಕ್ಕ?

ಹಂಗಂತ ಎಲ್ಲಾನೂ ಕ್ಯಾಶ್ ಮಾಡಿಬಿಡ್ರಿ ಅಂತಲೂ ನಾ ಹೇಳಾಂಗಿಲ್ಲ. 2015ರ ಡಿಸೆಂಬರ್ 25ಕ್ಕ ಸ್ಟೀಮ್ ಅನ್ನೂ ಗೇಮ್ ಅಂಗಡಿಯಾಗ ಕ್ಯಾಶ್ ಸೆಟ್ಟಿಂಗ್ ತಪ್ಪಿ ಒಬ್ಬರ ಖಾತೆ ಪುಟ ಇನ್ನೊಬ್ಬರಿಗೆ ಕಂಡಿತು. ಸುಮಾರು 34,000 ಮಂದಿ ವಿವರ ಹಿಂಗ ಹೊರಗ ಬಿದ್ದಿರಬಹುದು ಅಂತ ಕಂಪನಿನ ಹೇಳ್ತು. ನಿಮ್ಮ ಮನ್ಯಾನ ಗೃಹಲಕ್ಷ್ಮಿ ಎರಡು ಸಾವಿರದ ಹಾಳಿ ಬಾಜೂ ಮನಿಯವರಿಗೆ ಕಂಡ್ರ ಸುಮ್ಮನ ಇರ್ತೀರೇನು? (ಅವರದು ನಿಮಗ ಕಂಡ್ರ ಸುಮ್ಮನ ಇರ್ತೀರಿ, ಆ ಮಾತು ಬ್ಯಾರೆ.)

ಅದಕ್ಕ ಲೆಕ್ಕಾ ಸರಳ ಐತಿ. ಎಲ್ಲಾರಿಗೂ ಒಂದೇ ಇರೂ ಮುಖಪುಟ, ದರಪಟ್ಟಿ, ಫೋಟೊ ಕ್ಯಾಶ್ ಮಾಡ್ರಿ. ಲಾಗಿನ್ ಆದವರ ಪುಟ, ಗಿರಾಕಿ ಆರಿಸಿಟ್ಟ ಸಾಮಾನಿನ ಕಾರ್ಟ್, ರೊಕ್ಕ ಕಟ್ಟೂ ಪುಟ ಮುಟ್ಟಬ್ಯಾಡ್ರಿ. ಇಟ್ಟದ್ದಕ್ಕ ಒಂದು ಅವಧಿನೂ ಬರೀರಿ. ಬೆಲ್ಲದ ರೇಟ್ ಇವತ್ತ ಏರೇತಿ, ಸೈಟಿನಾಗ ನಿನ್ನೆ ರೇಟ್ ಐತಿ ಅಂದ್ರ ಗಿರಾಕಿ ಬಿಡ್ತಾನೇನು? (ಇಳದಿದ್ರ ನೀವ ಸುಮ್ಮನ ಇರ್ತಿದ್ರಿ!)

ಆ ಅವಧಿ ಮುಗಿದ ಗಳಿಗಿನೂ ಬಾಳ ನಾಜೂಕು. ಇಟ್ಟದ್ದು ತಗದು ಒಗದ ಹೊತ್ತಿನ್ಯಾಗ ಸಾವಿರ ಮಂದಿ ಒಮ್ಮೆಲೆ ಬಂದ್ರ ಎಲ್ಲಾರೂ ಡೇಟಾಬೇಸ್ ಮ್ಯಾಲನ ಬೀಳತಾರ. ಶಾಣ್ಯಾ ಇದ್ದವರು ಒಬ್ಬನ್ನ ಅಷ್ಟ ಒಳಗ ಬಿಟ್ಟು ಹೊಸಾದು ತರಸ್ತಾರ, ಅದು ಬರೂತನ ಉಳಿದವರಿಗೆ ಹಳೇದ ಕೊಡ್ತಾರ. ನಮ್ಮ ಮಂದಿ ಹಂಗ ಸಾಲಿನ್ಯಾಗ ನಿಲ್ತಾರೇನ್ರಿ? ನೀವ ಹೇಳ್ರಿ.

ಕನ್ನಡ ವಿಕಿಪೀಡಿಯ ನೋಡ್ರಿ. ಲಾಗಿನ್ ಆಗದ ಓದೂ ಮಂದಿಗೆ ಸಿಗೂದು ಹೆಚ್ಚಿನ ಪಾಲು ಮೊದಲ ತಯಾರ ಮಾಡಿಟ್ಟ ಪುಟ. ಯಾರರ ತಿದ್ದಿದ ಕೂಡ್ಲೇ ಹಳೇದು ತಗದು ಒಗಿಯೂ ವ್ಯವಸ್ಥಾನೂ ಐತಿ. ಒಮ್ಮೊಮ್ಮಿ ಟೆಂಪ್ಲೇಟ್ ತಿದ್ದಿದ್ದು ಕಾಣಾಕ ತಡಾ ಆಗತೈತಿ. ಅದಕ್ಕ ಪರ್ಜ್ ಅಂತ ಒಂದು ಆಜ್ಞಾ ಐತಿ, ಕೊಟ್ಟ್ರ ಆ ಪುಟ ಹೊಸದಾಗಿ ತಯಾರಾಗತೈತಿ.

ಇಷ್ಟೆಲ್ಲಾ ಕೇಳಿ ಗೋಣು ಹಾಕಿದ್ರಿ, ಸರ್ವರಿನವರು ಹಳೇದು ಇಟ್ಕೊಂಡು ಕುಂತಾರ ಅಂದ್ರಿ. ಒಂದ ಪ್ರಶ್ನೆ ಕೇಳ್ತೀನಿ. ನಿಮ್ಮ ಆಧಾರ್‌ಗೆ ಯಾವ ಮೊಬೈಲ್ ನಂಬರ್ ಜೋಡಸೇತಿ? ಹಳೇ ಸಿಮ್ಮಿಂದಲ್ಲ? ಆ ಸಿಮ್ ಕಳದು ಎಷ್ಟ್ ದಿನ ಆತು? ಓಟಿಪಿ ಅಲ್ಲಿಗೇ ಹೋಗತೈತಿ, ನೀವು ಇಲ್ಲಿ ಆನ್‌ಲೈನ್ ಅಂಗಡಿ ಹುಡುಗನ ಮ್ಯಾಲ ಕಣ್ಣು ಕೆಂಪ ಮಾಡಿ "ಇನ್ನೂ ಬರವಲ್ದು" ಅಂತೀರಿ. ಯಾವ ರೆಡಿಸೂ, ಯಾವ ವಾರ್ನಿಶೂ ಇದನ್ನ ಸರಿ ಮಾಡಾಂಗಿಲ್ಲ. ನಾಳೆನ ಎದ್ದು ಆಧಾರ್ ಸೆಂಟರಿಗೆ ಹೋಗಿ ನಂಬರ್ ಬದಲಿ ಮಾಡಿಸ್ಕೊಂಡ್ ಬರ್ರಿ.