ಅಟ್ಟದ ಮೇಲಿನ ವಿಲಾಯತಿ ಶೆಗಡಿ

ಸವಣೂರಿಗೆ ಬಂದವರು ಮೋತಿ ತಲಾಬ್ ನೋಡುತ್ತಾರೆ, ವಿಷ್ಣುತೀರ್ಥಕ್ಕೆ ಹೋಗುತ್ತಾರೆ, ದೊಡ್ಡಹುಣಸೆ ಕಲ್ಮಠದ ಅಂಗಳದಲ್ಲಿ ಆಫ್ರಿಕಾ ಮೂಲದ ಹೆಮ್ಮರಗಳನ್ನು ತಬ್ಬಲು ಹೋಗಿ ಕೈ ಸಾಲದೆ ನಗುತ್ತಾರೆ, ಊರಿಗೆ ಮರಳುವಾಗ ಒಂದು ಪೊಟ್ಟಣ ಖಾರ ಕಟ್ಟಿಸಿಕೊಳ್ಳುತ್ತಾರೆ. ಯಾರೂ ನೋಡದೆ ಉಳಿದಿರುವ ಇನ್ನೊಬ್ಬ ಪರದೇಶಿ ಪೇಟೆಯ ಒಂದು ಮನೆಯ ಅಟ್ಟದ ಮೇಲೆ, ಹಳೆಯ ತೊಟ್ಟಿಲಿಗೂ ಗಣಪತಿ ಮಂಟಪಕ್ಕೂ ನಡುವೆ ಕೂತಿದ್ದಾನೆ. ಅಮೆರಿಕದ ಮಿನ್ನೆಸೋಟಾದಲ್ಲಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ಗಾಳ ಹಾಕಿ ಕೂತವರ ಕೈಕಾಲು ಕಾಯಿಸಿ ಅವರ ಬುತ್ತಿಯನ್ನೂ ಬಿಸಿ ಮಾಡಿಕೊಟ್ಟ ಪ್ರೊಪೇನ್ ಹೀಟರ್ ಅದು. ಯಜಮಾನರು ನೌಕರಿ ಮುಗಿಸಿ ಊರಿಗೆ ಮರಳಿದಾಗ ಮನೆ ಸಾಮಾನಿನ ಜೊತೆ ಹಡಗು ಹತ್ತಿ ಬಂತು. ಮನೆಯವರು ಅದಕ್ಕೆ ವಿಲಾಯತಿ ಶೆಗಡಿ ಎನ್ನುತ್ತಾರೆ. ಏಣಿ ಹಾಕಿ ಹತ್ತಿ ಮಾತಾಡಿಸಿದೆವು. ಯಜಮಾನರು ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಶೆಗಡಿ ಮನಸ್ಸು ಬಿಚ್ಚಿ ಮಾತಾಡಿದ್ದಕ್ಕೆ ಅದೂ ಒಂದು ಕಾರಣ.

ನಮಸ್ಕಾರ್ರೀ. ಸವಣೂರು ಹೊಂದಿಕಿ ಆತೇನು?

ಆಗೇತ್ರಿ. ಆದ್ರ ನನಗ ಇಲ್ಲಿ ಕೆಲಸ ಇಲ್ಲ. ಡಿಸೆಂಬರ್ ನಸುಕಿನ್ಯಾಗ ಮಂದಿ ಕಿವಿಗೆ ಟೊಪಗಿ, ಕೊಳ್ಳಿಗೆ ಮಫ್ಲರ್ ಸುತಗೊಂಡು ‘ಏನ್ ಥಂಡಿಲೇ ಮಾರಾಯಾ’ ಅಂತಾರ. ಥರ್ಮಾಮೀಟರ್ ನೋಡಿದ್ರ 15 ಡಿಗ್ರಿ! ಮಿನ್ನೆಸೋಟಾದಾಗ 15 ಡಿಗ್ರಿ ಬಂತಂದ್ರ ಮಂದಿ ಚಡ್ಡಿ ಹಾಕ್ಕೊಂಡು ಐಸ್‌ಕ್ರೀಮ್ ತಿನ್ನಾಕ ಹೊಂಡತಾರ. ನಾ ದುಡದದ್ದು ಸೊನ್ನಿಗಿಂತ ಇಪ್ಪತ್ತು ಡಿಗ್ರಿ ಕೆಳಗ.

ಅಂಥಾ ಥಂಡ್ಯಾಗ ಕೆರಿ ಮ್ಯಾಲ ಹೋಗಿ ಯಾಕ ಕುಂದರತಾರ್ರೀ?

ನಾನೂ ಅದನ್ನ ಕೇಳಾಕತ್ತೇನಿ, ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಹೆಂಗ ಕುಂದರತಾರ ಅನ್ನೂದು ಮಾತ್ರ ಹೇಳಬಲ್ಲೆ. ನೀರು 4 ಡಿಗ್ರಿಗೆ ಬಂದಾಗ ಎಲ್ಲಾಕಿಂತ ಭಾರ ಆಕ್ಕತಿ, ತಳಾ ಸೇರತತಿ. ಅದಕ್ಕಿಂತ ತಣ್ಣಗಾದ ನೀರು ಮ್ಯಾಲ ಉಳದು ಐಸ್ ಆಕ್ಕತಿ. ಹಿಂಗಾಗಿ ಕೆರಿಗೆ ಮ್ಯಾಲ ಮುಚ್ಚಳ ಬಿತ್ತು, ಒಳಗ ಮೀನ ಆರಾಮ ಅದಾವು. ಐಸ್ ನಾಕು ಇಂಚು ದಪ್ಪ ಆತಂದ್ರ ಮನಷ್ಯಾ ನಡದು ಹೋಗಬಹುದು ಅಂತ ಅಲ್ಲಿ ಸರಕಾರನ ಹೇಳತತಿ. ಫೂಟಿನ ಮ್ಯಾಲ ಆತಂದ್ರ ಟ್ರಕ್ಕೂ ಕೆರಿಗೆ ಇಳೀತಾವು. ಆಮ್ಯಾಲ ಬೈರಿಗಿ ಹಚ್ಚಿ ಸಣ್ಣ ಬುಟ್ಟಿ ಅಗಲದ ತೂತು ಕೊರದು, ಅದರಾಗ ಗಾಳದ ದಾರ ಬಿಟ್ಟು, ಮ್ಯಾಲ ಗುಡಾರ ಹಾಕ್ಕೊಂಡು, ತೂತು ನೋಡಕೋತ ಕುಂದರೂದು. ಒಬ್ಬರು ಇಬ್ಬರು ಅಂತ ತಿಳೀಬ್ಯಾಡ್ರಿ. ಬ್ರೇನರ್ಡ್ ಊರಿನ ಹತ್ರ ಗಲ್ ಲೇಕ್ ಅಂತ ಕೆರಿ ಐತಿ. ಅಲ್ಲಿ ಚಳಿಗಾಲದಾಗ ಸ್ಪರ್ಧೆ ಇಟ್ರ ಸಾವಿರಾರು ಮಂದಿ, ಒಬ್ಬೊಬ್ಬರು ಒಂದೊಂದು ತೂತಿನ ಮುಂದ, ಮುಖಾ ಕೆಳಗ ಹಾಕ್ಕೊಂಡು ಕುಂತಿರತಾರ. 1993ರಾಗ ‘ಗ್ರಂಪಿ ಓಲ್ಡ್ ಮೆನ್’ ಅಂತ ಸಿನಿಮಾನೂ ಬಂತು. ಐಸ್ ಮ್ಯಾಲ ಮೀನ ಹಿಡಿಯೋ ಇಬ್ಬರು ಮುದುಕರು ಜಗಳಾಡೂದ ಅದರ ಕಥಿ.

ನಿಮ್ಮ ಸಾವ್ಕಾರ್ರದು ಮೀನು ಮುಟ್ಟೋ ಮನೆತನ ಅಲ್ಲಲ್ರೀ?

ಅಲ್ಲ. ತತ್ತಿ ಹಾಕಿದ ಕೇಕೂ ಇವರ ಅವ್ವಾರಿಗೆ ನಡೆಯಂಗಿಲ್ಲ. ಆಫೀಸಿನ ಗೆಳ್ಯಾರು ಕರದ್ರು, ಇವರು ಹೊಂಟ್ರು. ಅಲ್ಲಿ ‘ಹಿಡದು ಬಿಡೂದು’ ಅಂತ ಒಂದು ಪದ್ಧತಿ ಐತ್ರಿ. ಮೀನು ಹಿಡೀರಿ, ಫೋಟೋ ತಗೀರಿ, ಮತ್ತ ನೀರಿಗೆ ಬಿಡ್ರಿ. ಸಾವ್ಕಾರ್ರು ‘ಇದು ಹಿಂಸಾ ಅಲ್ಲ, ಭೇಟಿ’ ಅಂತ ಊರಿಗೆ ಫೋನ್ ಹಚ್ಚಿ ಹೇಳಿದ್ರು. ಅವ್ವಾರು ಆ ಕಡಿಂದ ‘ಗಾಳ ಚುಚ್ಚಿ ಭೇಟಿ ಆಗೂದು ಯಾವ ಊರ ರಿವಾಜಪಾ’ ಅಂದ್ರು. ಲೈನ್ ಕಟ್ ಆತು. ಕಟ್ ಆತೋ, ಮಾಡಿದ್ರೋ, ನಾ ಹೇಳೂದಿಲ್ಲ.

ಹಂಗಾದ್ರ ಐಸ್ ಮ್ಯಾಲ ಊಟ ಏನಿರತಿತ್ತು?

ಬದನಿಕಾಯಿ ಎಣಗಾಯಿ, ಚಪಾತಿ, ಶೇಂಗಾ ಚಟ್ನಿ, ಒಮ್ಮೊಮ್ಮೆ ಬಿಸಿಬ್ಯಾಳಿ ಭಾತ್. ಗುಡಾರ ಮುಟ್ಟೂದ್ರಾಗ ಚಪಾತಿ ಹಂಚಿನಗತೆ ಗಟ್ಟಿ. ಎಣಗಾಯಿ ಎಣ್ಣಿ ಹೆಪ್ಪಗಟ್ಟಿ ಬೆಳ್ಳಗಾಗಿರತಿತ್ತು. ಆಗ ನನ್ನ ಹಚ್ಚೂದು. ಸಾವ್ಕಾರ್ರ ಹೆಂಡ್ತಿ, ನಮ್ಮ ಅಕ್ಕಾರು, ಮನ್ಯಾಗ ಅಲ್ಯುಮಿನಿಯಂ ಹಾಳ್ಯಾಗ ಒಂದೊಂದ ಚಪಾತಿ ಸುತ್ತಿ ಕೊಟ್ಟಿರತಿದ್ರು. ಅವನ್ನ ನನ್ನ ನೆತ್ತಿ ಮ್ಯಾಲ ಇಟ್ಟು, ಹೊಳ್ಳಿಸಿ, ಮತ್ತ ಇಟ್ಟು ತಿಂತಿದ್ರು. ಬಾಜೂ ಗುಡಾರದವರು ಡಬ್ಬಿ ಚಿಲ್ಲಿ ಇಡತಿದ್ರು. ಚಿಲ್ಲಿ ಅಂದ್ರ ಬ್ಯಾಡಗಿ ಮೆಣಸಿನಕಾಯಿ ಅಂತ ಹಿಗ್ಗಬ್ಯಾಡ್ರಿ, ಅದು ಅವರ ಮಾಂಸದ ಪಲ್ಯ. ಡಬ್ಬಿ ಮುಚ್ಚಳ ತಗೀದ ಬೆಂಕಿ ಮ್ಯಾಲ ಇಟ್ರ ಒಳಗಿನ ಹಬಿಗೆ ಡಬ್ಬಿ ಒಡೀತತಿ. ಅದನ್ನ ಕಲಿಯಾಕ ಒಬ್ಬರು ತಮ್ಮ ಗುಡಾರಕ್ಕ ಪಲ್ಯದ ಬಣ್ಣಾ ಬಳಕೊಂಡ್ರು.

ನಿಮ್ಮ ಮ್ಯಾಲ ಅಡಗಿ ಇಡಾಕ ಅನುಮತಿ ಐತೇನ್ರೀ?

ಇಲ್ಲ. ನನ್ನ ಕೂಡ ಬಂದ ಪುಸ್ತಕದಾಗ ‘ಮೇಲೆ ಏನೂ ಇಡಬಾರದು’ ಅಂತ ಐತಿ. ಅಂಗಾತ ಮಲಗಿಸಿದ್ರ ಒಲಿ ಆಗೋ ಜಾತಿ ಬ್ಯಾರೆ ಐತಿ. ನಂದು ಬರೇ ನಿಂತು ಕಾಯಿಸೋ ಜಾತಿ. ಡಿಕ್ಕಿ ಹೊಡದು ಕೆಡವಿದ್ರ ನಾ ತಾನ ಆರತೇನಿ. ಆದ್ರ ಪುಸ್ತಕ ಓದಿದ ಗಂಡಸನ್ನ ನಾ ಇನ್ನೂ ನೋಡಿಲ್ಲ. ಸಾವ್ಕಾರ್ರು ಅದನ್ನ ಗುಡಾರದ ಕಿಡಕಿ ಬಡಕೊಳ್ಳಲಾರದಂಗ ಸಂದಿಗೆ ತುರುಕಿದ್ರು.

ಪ್ರೊಪೇನ್ ಯಾಕ ಬೇಕು? ನಮ್ಮ ಮನಿ ಗ್ಯಾಸ್ ನಡೆಯಂಗಿಲ್ಲೇನು?

ಚಲೋ ಕೇಳಿದ್ರಿ. ನಿಮ್ಮ 14.2 ಕಿಲೋ ಸಿಲಿಂಡರಿನ್ಯಾಗ ಬ್ಯೂಟೇನ್, ಪ್ರೊಪೇನ್ ಎರಡೂ ಕೂಡಿರತಾವು. ಒಳಗ ಒತ್ತಡಕ್ಕ ನೀರಾಗಿ ಕುಂತದ್ದು ಗಾಳಿಯಾಗಿ ಹೊರಗ ಬಂದ್ರನ ಉರಿ. ಬ್ಯೂಟೇನ್ ಸುಮಾರು ಸೊನ್ನಿ ಡಿಗ್ರಿಗೇ ‘ನಾ ಏಳಂಗಿಲ್ಲ’ ಅಂತ ತಳದಾಗ ಮಲಗತತಿ. ಪ್ರೊಪೇನ್ ಸೊನ್ನಿ ಕೆಳಗ 42 ಡಿಗ್ರಿ ತನಕ ಎದ್ದು ಬರತತಿ. ಅದಕ್ಕ ಐಸ್ ಮ್ಯಾಲ ಅದ ಬೇಕು. ನನಗ ಕೂಡಿಸೂದು 454 ಗ್ರಾಮಿನ ಸಣ್ಣ ಕುಪ್ಪಿ. ಜೋರ್ ಉರಿಸಿದ್ರ ಎರಡು ಮೂರು ತಾಸಿನ್ಯಾಗ ಖಾಲಿ. ಗ್ಯಾಸ್ ಹೊರಗ ಬಿದ್ದಂಗ ಕುಪ್ಪಿ ಇನ್ನಷ್ಟು ತಣ್ಣಗಾಗಿ ಮೈಮ್ಯಾಲ ಐಸ್ ಕಟ್ಟತತಿ. ನಾ ಮ್ಯಾಲ ಕೆಂಪಗ ಉರೀತೇನಿ, ಕೆಳಗ ನನ್ನ ಹೊಟ್ಟಿ ಥಂಡಿಲೆ ನಡಗತಿರತತಿ.

ಮುಚ್ಚಿದ ಗುಡಾರದಾಗ ಉರಿಯೂದು ಅಪಾಯ ಅಲ್ಲೇನ್ರೀ?

ಇಲ್ಲಿ ನಗೂದು ಬಿಟ್ಟು ಹೇಳತೇನಿ. ಗಾಳ್ಯಾಗ ಆಮ್ಲಜನಕ ನೂರಕ್ಕ ಸುಮಾರು 21 ಪಾಲು. ಅದು 18ರ ಆಸುಪಾಸಿಗೆ ಇಳೀತಂದ್ರ ನನ್ನೊಳಗಿನ ಒಂದು ಸಣ್ಣ ಉಪಕರಣ ನನ್ನ ಆರಿಸತತಿ. ಆದ್ರೂ ಅದನ್ನ ನಂಬಿ ಎಲ್ಲಾ ಕಿಡಕಿ ಮುಚ್ಚಬಾರದು. ಗಾಳಿ ಸಾಲದ ಉರಿ ಕಾರ್ಬನ್ ಮಾನಾಕ್ಸೈಡ್ ಬಿಡತತಿ. ಅದಕ್ಕ ಬಣ್ಣಿಲ್ಲ, ವಾಸನಿ ಇಲ್ಲ. ಸಿಲಿಂಡರ್ ಗ್ಯಾಸಿಗೆ ಸೋರಿದ್ದು ತಿಳೀಲಿ ಅಂತ ಬೇಕಂತ ಕೆಟ್ಟ ವಾಸನಿ ಕೂಡಸತಾರ. ಈ ಕಳ್ಳಗ ಯಾರೂ ಗಂಟಿ ಕಟ್ಟಿಲ್ಲ. ತಲಿ ನೋವು, ನಿದ್ದಿ, ಆಮ್ಯಾಲ ಏಳೂದಿಲ್ಲ. ಮಿನ್ನೆಸೋಟಾದ ಮಾತು ಅಂತ ತಿಳೀಬ್ಯಾಡ್ರಿ. ಕರ್ನಾಟಕದಾಗ ಕಿಡಕಿ ಇಲ್ಲದ ಬಚ್ಚಲಮನ್ಯಾಗ ಗ್ಯಾಸ್ ಗೀಸರ್ ಹಚ್ಚಿ ಸತ್ತವರ ಸುದ್ದಿ ಪೇಪರಿನ್ಯಾಗ ಬರತಿರತತಿ. ಬಾಗಲಾ ಹಾಕ್ಕೊಂಡು ಇದ್ದಿಲ ಶೆಗಡಿ ಮಗ್ಗಲಿಗಿಟಗೊಂಡು ಮಲಗೂದೂ ಅದ ಸಾವು. ನನ್ನ ಕೂಡ ಎರಡು ಮಾತು ಕಡಿಮಿ ಆಡ್ರಿ, ಕಿಡಕಿ ಮಾತ್ರ ತಗೀರಿ.

ಸಾವ್ಕಾರ್ರು ಮಿನ್ನೆಸೋಟಾದ ಮನ್ಯಾಗೂ ಅಡಗಿ ಮಾಡತಿದ್ರೇನು?

(ಶೆಗಡಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿತು.) ಆ ಮನ್ಯಾಗ ನಾಕು ಬರ್ನರಿನ ಒಲಿ ಇತ್ರಿ. ಯಾವ ಗುಂಡಿ ಯಾವ ಬರ್ನರಿಂದು ಅಂತ ಅವರಿಗೆ ಕಡೀತನಕ ತಿಳೀಲಿಲ್ಲ. ಆದ್ರ ಶನಿವಾರ ನಸುಕಿನ್ಯಾಗ ಎದ್ದು, ಮಿನಿಯಾಪೊಲಿಸ್‌ನಿಂದ ಎರಡು ತಾಸಿನ ದಾರಿ ಕಾರು ಓಡಿಸಿ, ಮಿಲ್ ಲ್ಯಾಕ್ಸ್ ಕೆರಿಗೆ ಇಳದು, ಗಾಳ್ಯಾಗ ಗುಡಾರ ಕಟ್ಟಿ, ಬೆರಳು ಸೆಟದ್ರೂ ಬಿಡದ ನನ್ನ ಹಚ್ಚತಿದ್ರು. ‘ಮಂಜುಗಡ್ಡೆಯ ಮೇಲೆ ನನ್ನ ಕೈಯಡುಗೆ’ ಅಂತ ಫೋಟೋ ಸವಣೂರಿನ ವಾಟ್ಸ್ಯಾಪ್ ಗುಂಪಿಗೆ ಬರತಿತ್ತಲ್ಲ, ಅದರಾಗಿನ ಕೈಯಡಗಿ ಅಂದ್ರ ಅಲ್ಯುಮಿನಿಯಂ ಹಾಳಿ ಬಿಚ್ಚೂದು. ಎಣಗಾಯಿ ಹುರದಾಕಿ, ಚಪಾತಿ ಲಟ್ಟಿಸಿದಾಕಿ ಆ ಫೋಟೋದಾಗ ಇರತಿದ್ದಿಲ್ಲ. ಆಕಿ ಅವರಿಗಿಂತ ಒಂದು ತಾಸು ಮೊದಲ ಎದ್ದಿರತಿದ್ಲು.

ಮನ್ಯಾಗ ಮುಟ್ಟದ ಒಲಿ ಐಸ್ ಮ್ಯಾಲ ಯಾಕ ಹಚ್ಚತಿದ್ರು?

ಮನಿ ಒಲಿ ಹಚ್ಚಾಕ ಲೈಸೆನ್ಸ್ ಬೇಕಿಲ್ಲ, ವಿಶೇಷ ಬೂಟು ಬೇಕಿಲ್ಲ, ಜೀವಕ್ಕ ಧೋಕಾ ಇಲ್ಲ. ಇಷ್ಟು ಹಗುರ ಕೆಲಸ ಮಾಡಿದ್ರ ಗಂಡಸಿನ ಮಾನಾ ಉಳದೀತೇನ್ರೀ? ಅದ ಕೆಲಸಾನ ಮನಿಯಿಂದ 160 ಕಿಲೋಮೀಟರ್ ದೂರ ಒಯ್ಯರಿ, ಸಾಮಾನಿಗೆ ಸಾವಿರ ಡಾಲರ್ ಸುರೀರಿ, ಕಾಲ ಕೆಳಗ ಮುಳುಗೂವಷ್ಟು ನೀರಿರಲಿ. ಆವಾಗ ಅದಕ್ಕ ಅಡಗಿ ಅನ್ನಂಗಿಲ್ಲ, ಸಾಹಸ ಅಂತಾರ. ದಿನಾ ಮಾಡಿದ್ರ ಕರ್ತವ್ಯ, ವರ್ಷಕ್ಕ ನಾಕು ಸಲ ಮಾಡಿದ್ರ ಪ್ರತಿಭಾ.

ಸವಣೂರಿನ್ಯಾಗ ನಿಮ್ಮನ್ನ ಒಮ್ಮೆನೂ ಹಚ್ಚಿಲ್ಲೇನು?

ಒಂದು ಐತವಾರ ಪ್ರಸಂಗ ಬಂತ್ರಿ. ಬೀಗರು ಬಂದಾರ, ಹೋಳಿಗಿ ಅರ್ಧಕ್ಕ ಬಂದಾವು, ಗ್ಯಾಸ್ ಒಲಿ ಕೆಟ್ಟು ಕುಂತತಿ. ಸಾವ್ಕಾರ್ರು ‘ಯಾರೂ ಹೆದರಬ್ಯಾಡ್ರಿ’ ಅಂತ ನನ್ನ ಕೆಳಗ ಇಳಿಸಿದ್ರು. ಮೊದಲ ಬೀಗರಿಗೆ ನನ್ನ ಚರಿತ್ರಾ ಹೇಳಿದ್ರು. ಆಮ್ಯಾಲ ನೋಡಿದ್ರ ಬಾಯಿ ಕೂಡವಲ್ದು. ಅಲ್ಲಿ ಕುಪ್ಪಿಗೆ ನನ್ನ ತಿರುವಿ ಕೂಡಸತಾರ, ಇಲ್ಲಿ ಸಿಲಿಂಡರಿಗೆ ರೆಗ್ಯುಲೇಟರ್ ಒತ್ತಿ ಕೂಡಸತಾರ. ‘ಹುಬ್ಬಳ್ಳ್ಯಾಗ ಅಡಾಪ್ಟರ್ ಸಿಗತತಿ’ ಅಂತ ಕಾರು ತಗೊಂಡು ಹ್ವಾದ್ರು. ಸಿಗಲಿಲ್ಲ. ಪುಣ್ಯಾ. ಹೊಂದದ ಬಾಯಿಗೆ ಟೇಪು ಸುತ್ತಿ ಗ್ಯಾಸ್ ಬಿಟ್ಟಿದ್ರ ಈ ಸಂದರ್ಶನ ನಡೀತಿದ್ದಿಲ್ಲ. ಅವರು ಹೊಳ್ಳಿ ಬರೂದ್ರಾಗ ಅವ್ವಾರು ಹಿತ್ತಲದಾಗ ಮೂರು ಕಲ್ಲು ಹೂಡಿ, ಕಟಗಿ ಹಚ್ಚಿ, ಹೋಳಿಗಿ ಮುಗಿಸಿ, ಬೀಗರ ಕೈಗೆ ಎಲಿ ಅಡಿಕಿ ಕೊಟ್ಟು ಕಳಿಸಿ ಆಗಿತ್ತು.

ಇಲ್ಲಿ ಹೊಲಕ್ಕ ಹೋಗೋರಿಗೆ ನೀವು ಉಪಯೋಗಕ್ಕ ಬರಬಹುದಲ್ಲ? ಅವರೂ ಮನಿಯಿಂದ ದೂರನ ಉಣ್ಣತಾರ.

ನಾನೂ ಹಂಗ ತಿಳಕೊಂಡು ಅವ್ವಾರನ್ನ ಕೇಳಿದೆ. ‘ಹೊಲಕ್ಕ ಒಯ್ಯೂ ಬುತ್ತಿ ಕಾಯಿಸೂ ಬುತ್ತಿ ಅಲ್ಲೋ ತಮ್ಮಾ’ ಅಂದ್ರು. ಜ್ವಾಳದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡಂಗಿಲ್ಲ. ಗುರೆಳ್ಳು ಚಟ್ನಿಪುಡಿ, ಶೇಂಗಾಪುಡಿ ತಣ್ಣಗಿದ್ರನ ರುಚಿ. ಒಂದು ಉಳ್ಳಾಗಡ್ಡಿ ಗುದ್ದಿ ಒಡದು, ಗಟ್ಟಿ ಮೊಸರು ಸುರಕೊಂಡ್ರ ಊಟಾ ಆತು. ಗೋವಿನಜ್ವಾಳದ ಹೊಲದಾಗ ಬದುವಿನ ಮ್ಯಾಲ ಕುಂತು ಉಣ್ಣೋ ಹೆಣ್ಣಮಕ್ಕಳಿಗೆ ಕುಪ್ಪಿ ಬ್ಯಾಡ, ಗುಡಾರ ಬ್ಯಾಡ, ನಾನೂ ಬ್ಯಾಡ. ಇಷ್ಟು ಕೇಳಿ ನಾ ಸ್ವಲ್ಪ ಸಣ್ಣಾದೆ. ಆಮ್ಯಾಲ ಇನ್ನೊಂದು ಹೊಳೀತು. ಆ ತಣ್ಣನ ರೊಟ್ಟಿನೂ ಯಾವುದೋ ನಸುಕಿನ್ಯಾಗ ಯಾರದೋ ಕೈಯಾಗ ಕಾದ ಹಂಚಿನ ಮ್ಯಾಲ ಬೆಂದದ್ದ. ಹೊಗಿ ಕುಡದು ಬಡದಾಕಿನ ಮತ್ತ ಬುತ್ತಿ ಗಂಟು ತಲಿ ಮ್ಯಾಲ ಹೊತ್ತು ಹೊಲಕ್ಕ ನಡೀತಾಳ. ಆಕಿ ಹಂಚಿನ ಮುಂದ ಕುಂತದ್ದನ್ನ ಯಾರೂ ಫೋಟೋ ತಗದಿಲ್ಲ. 2016ರಾಗ ಉಜ್ವಲಾ ಯೋಜನಾ ಬಂದು ಬಾಳ ಮನಿಗೆ ಸಿಲಿಂಡರ್ ಬಂತು, ಹೊಗಿ ಕಡಿಮಿ ಆತು. ಸಿಲಿಂಡರ್ ಮುಂದ ನಿಂದರೋರು ಮಾತ್ರ ಬದಲಾಗಲಿಲ್ಲ.

ಗಂಡಸರನ್ನ ಅಡಗಿಮನಿಗೆ ತರಾಕ ನಿಮ್ಮ ಹತ್ರ ಏನರ ಉಪಾಯ ಐತೇನು?

ಉಪಾಯ ನಂದಲ್ಲ, ಅಕ್ಕಾರದು. ಹ್ವಾದ ವಾರ ಅವರು ಅಡಗಿಮನಿ ಬಾಗಲಿಗೆ ಒಂದು ಹಾಳಿ ಹಚ್ಚಿದ್ರು: ‘ಅಪಾಯದ ಪ್ರದೇಶ. ಲೈಸೆನ್ಸ್ ಇದ್ದವರಿಗೆ ಮಾತ್ರ ಪ್ರವೇಶ. ವಾರ್ಷಿಕ ಶುಲ್ಕ 500 ರೂಪಾಯಿ.’ ಸಾವ್ಕಾರ್ರು ಹಾಳಿ ಮುಂದ ಬಾಳೊತ್ತು ನಿಂತ್ರು. ಕಣ್ಣಾಗ ಮಿಲ್ ಲ್ಯಾಕ್ಸಿನ ಹೊಳಪು ಬಂತು. ರೊಕ್ಕಾ ಎಣಿಸಿ ಕೊಟ್ರು. ಮರುದಿನ ನಸುಕಿನ್ಯಾಗ ಬೂಟು ಹಾಕ್ಕೊಂಡು, ಹಣಿಗೆ ಬ್ಯಾಟರಿ ದೀಪ ಕಟಗೊಂಡು ಒಳಗ ಹೊಕ್ಕು ಉಪ್ಪಿಟ್ಟು ಮಾಡಿದ್ರು. ಫೋಟೋ ತಗದ್ರು. ಉಪ್ಪಿಟ್ಟು ಚಲೋ ಆಗಿತ್ತು ಅಂತ ಅವ್ವಾರನ ಅಂದ್ರು.

ಹಂಗಾದ್ರ ಸಮಸ್ಯಾ ಬಗೀಹರೀತು?

ಅರ್ಧಾ. ಉಪ್ಪಿಟ್ಟು ತಿಂದು, ತಳಾ ಹತ್ತಿದ ಬೋಗಾಣಿ ಸಿಂಕಿನ್ಯಾಗ ಬಿಟ್ಟು, ಕೈ ಒರಸಕೋತ ಹೊರಗ ಬಂದ್ರು. ಅಕ್ಕಾರು ಆಗಿಂದಾಗ ಲೈಸೆನ್ಸ್ ರದ್ದು ಮಾಡಿದ್ರು. ಸಾವ್ಕಾರ್ರು ‘ಕಾರಣ ಕೊಡಬೇಕಾಗತತಿ’ ಅಂತ ಕಾಯ್ದೆ ಎತ್ತಿದ್ರು. ಅಕ್ಕಾರು ಹಾಳಿ ಕೆಳಗ ಇನ್ನೊಂದು ಸಾಲು ಬರದು ಪೆನ್ನಿನ ಮುಚ್ಚಳ ಹಾಕಿದ್ರು: ‘ಹಿಡಿದು ಬಿಡುವ ಪದ್ಧತಿ ಇಲ್ಲಿ ಇಲ್ಲ. ಹಿಡಿದ ಬೋಗಾಣಿ ತಿಕ್ಕಿ ಬೋರಲು ಹಾಕತಕ್ಕದ್ದು.’