ಖಾಯಂ ವಿಳಾಸ: ಆಕಾಶ

ಶ್ರೀಯುತ 306 ಕಿ.ಮೀ. ಅವರಿಗೆ,
(ಬೆಂಗಳೂರು–ಮಂಗಳೂರು ವಿಮಾನ ದೂರ)

ಸಾಷ್ಟಾಂಗ ನಮಸ್ಕಾರ. ದೇವನಹಳ್ಳಿಯಿಂದ ಬಜ್ಪೆಗೆ ಸ್ಕೇಲಿಟ್ಟು ಗೀಟೆಳೆದರೆ ಹೆಚ್ಚುಕಡಿಮೆ ಇಷ್ಟೇ ಎಂದು ತಿಳಿದಾಗಿನಿಂದ ತಮ್ಮ ಮೇಲೆ ಅಪಾರ ಗೌರವ. ಶಿರಾಡಿಯ ತಿರುವಿಲ್ಲ, ಗುಡ್ಡ ಕುಸಿದು ರಸ್ತೆ ಬಂದ್ ಎಂಬ ಸುದ್ದಿಯಿಲ್ಲ. ಹಾರುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ. ನೀರಿನ ಬಾಟಲಿ ಮುಚ್ಚಳ ತೆಗೆಯುವಷ್ಟರಲ್ಲಿ ಸೀಟು ನೆಟ್ಟಗೆ ಮಾಡಿ ಅನ್ನುತ್ತಾರೆ.

ಒಂದೇ ತೊಡಕು. ನಾನಿರುವುದು ಜಯನಗರದಲ್ಲಿ.

2008ರ ಮೇ ತಿಂಗಳ ತನಕ ವಿಮಾನ ಹತ್ತಲು ಹಳೇ ಎಚ್‌ಎಎಲ್‌ಗೆ ಹೋಗುತ್ತಿದ್ದೆವು. ನಿಲ್ದಾಣ ದೇವನಹಳ್ಳಿಗೆ ಎದ್ದು ಹೋದಾಗ ತಾವು ಉದ್ದವಾದದ್ದು ಸುಮಾರು 5 ಕಿ.ಮೀ. ಮಾತ್ರ. ನನ್ನ ಮನೆಯಿಂದ ರಸ್ತೆ ಮೂರು ಪಟ್ಟಾಯಿತು. ಅದು ತಮ್ಮ ಖಾತೆಗೆ ಬರಲೇ ಇಲ್ಲ. ತಮ್ಮನ್ನು ಅಳೆಯುವುದು ನಿಲ್ದಾಣದಿಂದ ನಿಲ್ದಾಣಕ್ಕೆ; ಹೆಬ್ಬಾಳದ ಫ್ಲೈಓವರ್ ಲೆಕ್ಕಕ್ಕಿಲ್ಲ.

ಹೋದ ತಿಂಗಳು ಏಳೂವರೆ ವಿಮಾನಕ್ಕೆ ನಾಲ್ಕೂಕಾಲಿಗೆ ಮನೆ ಬಿಟ್ಟೆ. ಟಿಕೆಟ್ಟಿನಲ್ಲಿ ಪ್ರಯಾಣ 1 ಗಂಟೆ 5 ನಿಮಿಷ. ಮುಕ್ಕಾಲು ಗಂಟೆ ಹಾರಿ ಉಳಿದ 20 ನಿಮಿಷ ಏನು ಮಾಡುತ್ತೀರಿ ಎಂದು ಕೇಳಬಾರದು, ತೆವಳುತ್ತೀರಿ. ಇಲ್ಲಿ ಜಾಗ ಬಿಟ್ಟು ಕದಲಿದಾಗಿಂದ ಅಲ್ಲಿ ಹೋಗಿ ನಿಲ್ಲುವ ತನಕ ಗಡಿಯಾರ ಓಡುತ್ತದೆ. 2019ರಲ್ಲಿ ಎರಡನೇ ರನ್‌ವೇ ಬಂದ ಮೇಲಂತೂ ಕೆಲವು ದಿನ, ವಿಮಾನ ರಸ್ತೆ ಹಿಡಿದೇ ಮಂಗಳೂರಿಗೆ ಹೊರಟಿತೋ ಎಂದು ಅನುಮಾನ.

ಮಳೆಗಾಲದ ಕಥೆ ಬೇರೆ. ಬಜ್ಪೆಯ ನಿಲ್ದಾಣ ಗುಡ್ಡದ ನೆತ್ತಿಯ ಮೇಲಿನ ಟೇಬಲ್‌ಟಾಪ್. ಮಂಜು ಮುಸುಕಿ ರನ್‌ವೇ ಕಾಣದಿದ್ದರೆ ಪೈಲಟ್ ಎರಡು ಸುತ್ತು ಹಾಕಿ ಬೆಂಗಳೂರಿಗೇ ತಿರುಗಿಸುವುದುಂಟು. (ಅವರು ಮಾಡುವುದು ಸರಿಯೇ. ನಮಗೂ ಜೀವ ಬೇಕು.) 612 ಕಿ.ಮೀ. ಹಾರಿ ಹೊರಟಲ್ಲೇ ಇಳಿಯುವ ಭಾಗ್ಯ!

ನನ್ನ ಊರು ಬೆಳ್ತಂಗಡಿ. ನಕ್ಷೆ ಬಿಡಿಸಿ ನೋಡಿದೆ: ತಮ್ಮ ಗೀಟು ಹೋಗುವುದು ಹೆಚ್ಚುಕಡಿಮೆ ನಮ್ಮ ತೋಟದ ಮೇಲೆಯೇ. ಅದನ್ನು ದಾಟಿಸಿ, ಇನ್ನೂ 40 ಕಿ.ಮೀ. ಮುಂದೆ ಒಯ್ದು ಇಳಿಸಿ, ಇನ್ನು ವಾಪಸ್ ಹೋಗು ಅನ್ನುತ್ತೀರಿ. ರಸ್ತೆಯಲ್ಲಿ ಅದು 50 ಕಿ.ಮೀ. ಮೀರುತ್ತದೆ. ಹೋದ ತಿಂಗಳ ಆ ದಿನ ಬಿ.ಸಿ. ರೋಡಿನಲ್ಲಿ ಜಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡಿದ್ದಾಗ ಅಮ್ಮನ ಫೋನು. ಅಂಗಳದಲ್ಲಿ ಅಡಿಕೆ ಹರಡುತ್ತಿದ್ದಳಂತೆ.

“ನಿನ್ನ ವಿಮಾನ ಆಗಲೇ ಮೇಲಿಂದ ಹೋಗಿ ಆಯ್ತು ಮಾರಾಯ. ನೀನೆಂತ ಇನ್ನೂ ಬರ್ಲಿಲ್ಲ?”

ಮನೆ ಮುಟ್ಟಿದಾಗ ಹತ್ತೂಮುಕ್ಕಾಲು. ಆರೂವರೆ ಗಂಟೆ. ತಂಗಿಯ ಗಂಡ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಧರ್ಮಸ್ಥಳದ ಬಸ್ಸು ಹತ್ತಿ, ನಿದ್ದೆ ಹೊಡೆದು, ಬೆಳಗಾಗುವಾಗ ಮನೆಗೆ ಬಂದು, ಮಿಂದು, ಈಗ ಎರಡನೇ ಸುತ್ತು ನೀರುದೋಸೆಗೆ ಕೂತಿದ್ದ. ಅವನ ಕಾಲ ಬಳಿ ಬೆಂಗಳೂರಿಗೆ ಒಯ್ಯಲು ಕಟ್ಟಿಟ್ಟ ತೆಂಗಿನಕಾಯಿ ಗೋಣಿ.

“ವಿಮಾನದಲ್ಲಿ ಬಂದದ್ದಾ ಭಾವ? ಎಷ್ಟು ಹೊತ್ತು?”

ಬೂಟಿನ ದಾರ ಬಿಚ್ಚುತ್ತ, ತಲೆ ಎತ್ತದೆ, “ಮುಕ್ಕಾಲು ಗಂಟೆ” ಅಂದೆ.

ಇಂತಿ ತಮ್ಮ ವಿಧೇಯ,
ಕಿಟಕಿ ಸೀಟಿಗೆ ಬೇರೆ ದುಡ್ಡು ಕೊಟ್ಟವ