ನೀವ್ಯಾಕೆ ಬ್ರೇಕ್ ಹಾಕಿದ್ರಿ?

ಮಾನ್ಯ ನಕ್ಷತ್ರ ನಕ್ಷತ್ರ ನಕ್ಷತ್ರ ಅವರಿಗೆ,

ಹೀಗೆ ಕರೆದೆನೆಂದು ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಕಾರಿನ ನಂಬರನ್ನು ಎಂಪರಿವಾಹನ್ ಆ್ಯಪಿಗೆ ಹಾಕಿದರೆ ಮಾಲೀಕರ ಹೆಸರಿನ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಬಿಟ್ಟು ಉಳಿದದ್ದೆಲ್ಲ ನಕ್ಷತ್ರ. ನಿಮ್ಮ ಖಾಸಗಿತನ ಕಾಪಾಡುವುದಕ್ಕಂತೆ. ಒಳ್ಳೆಯದೇ. ನನ್ನ ಬಂಪರನ್ನು ಕಾಪಾಡುವುದಕ್ಕೆ ಮಾತ್ರ ಯಾರೂ ಏನೂ ಏರ್ಪಾಡು ಮಾಡಿರಲಿಲ್ಲ. ನಿಮ್ಮ ಇನ್ಶೂರೆನ್ಸ್ ಕಂಪನಿಯ ಹೆಸರು ಅದೇ ಪರದೆಯಲ್ಲಿ ನಕ್ಷತ್ರವಿಲ್ಲದೆ ಪೂರ್ತಿ ಕಾಣುತ್ತದೆ. ಆ ಪುಣ್ಯಾತ್ಮರ ವಿಷಯಕ್ಕೆ ಆಮೇಲೆ ಬರುತ್ತೇನೆ. ಈಗಷ್ಟೇ ಗ್ಯಾರೇಜಿನಿಂದ ಬಂದು, ಬ್ಯಾಗನ್ನೂ ಕೆಳಗಿಡದೆ ಬರೆಯಲು ಕೂತಿದ್ದೇನೆ. ಸಿಟ್ಟು ಆರುವ ಮೊದಲು ಬರೆಯಬೇಕು.

ನಿಮಗೆ ಮರೆತಿದ್ದರೆ ನೆನಪಿಸುತ್ತೇನೆ. ಕನಕಪುರ ರಸ್ತೆ, ಮೆಟ್ರೊ ಕಂಬದ ಕೆಳಗಿನ ಒಂದು ಸಿಗ್ನಲ್ಲು. ಕೆಂಪು ದೀಪ. ಹಸಿರಾಗಲು ಇನ್ನೂ ಬಹಳ ಹೊತ್ತಿದೆ ಎಂದು ಕಂಬದ ಮೇಲಿನ ಅಂಕಿಯೇ ಹೇಳುತ್ತಿತ್ತು. ನಾನು ನಿಂತಿದ್ದೆ. ನನ್ನ ಮುಂದಿನವರು ನಿಂತಿದ್ದರು. ಪಕ್ಕದಲ್ಲಿ ಬಿಎಂಟಿಸಿ ಬಸ್ಸು, ಅದೂ ನಿಂತಿತ್ತು. ಆ ರಸ್ತೆಯಲ್ಲಿ ಆಗ ಚಲಿಸುತ್ತಿದ್ದ ಏಕೈಕ ವಸ್ತು ತಾವು.

ಇಳಿದು ಬಂದವರು ಮೊದಲು ನಿಮ್ಮ ಬಾನೆಟ್ಟನ್ನು ನೋಡಿಕೊಂಡಿರಿ. ಅದಕ್ಕೇನೂ ಆಗಿರಲಿಲ್ಲ. ಆಮೇಲೆ ನನ್ನ ಬಂಪರಿನ ಹತ್ತಿರ ಬಗ್ಗಿ, ಹೆಬ್ಬೆರಳಿಗೆ ಎಂಜಲು ಹಚ್ಚಿ, ಗೀರನ್ನು ಉಜ್ಜಿದಿರಿ. ಹೋಗಲಿಲ್ಲ. ಇನ್ನೊಮ್ಮೆ ಉಜ್ಜಿದಿರಿ. ಬಂಪರಿನ ಎಡ ಮೂಲೆ ಕ್ಲಿಪ್ಪು ಮುರಿದು ನೇತಾಡುತ್ತಿತ್ತು, ಟೈಲ್ ಲ್ಯಾಂಪು ಒಡೆದಿತ್ತು, ಡಿಕ್ಕಿಯ ಬಾಗಿಲು ಅಂಗೈಯಗಲ ಒಳಗೆ ಹೋಗಿತ್ತು. ಇಷ್ಟನ್ನೂ ಎಂಜಲಿನಿಂದ ಸರಿಪಡಿಸಲಾಗದೆಂದು ಖಾತ್ರಿಯಾದ ಮೇಲೆ ಎದ್ದು ನಿಂತು ಕೇಳಿದಿರಿ: “ನೀವ್ಯಾಕೆ ಮೇಡಂ ಬ್ರೇಕ್ ಹಾಕಿದ್ರಿ?”

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಕೆಂಪು ದೀಪ ಕಂಡರೆ ಬ್ರೇಕ್ ಹಾಕುವುದು ನನಗೆ ಹಳೆಯ ಚಟ.

ಅಷ್ಟರಲ್ಲಿ ಪಂಚಾಯ್ತಿ ಸೇರಿತು. ಆಟೊದವರೊಬ್ಬರು ತಾವೇ ನ್ಯಾಯಾಧೀಶರಾದರು. ಎಳನೀರಿನವರು ಮಚ್ಚು ಹಿಡಿದುಕೊಂಡೇ ಸಾಕ್ಷಿ ಹೇಳಲು ಬಂದರು. ನೀವು ಐನೂರರಿಂದ ಶುರು ಮಾಡಿದಿರಿ. “ಎರಡ್ ಸಾವ್ರ ಕೊಟ್ ಕಳ್ಸಿ ಸಾರ್, ಲೇಡೀಸು” ಎಂದು ತೀರ್ಪು ಬಂತು. ಬಂಪರಿಗೆ ಲಿಂಗಭೇದವಿಲ್ಲ ಎಂದು ನಾನು ಹೇಳುವಷ್ಟರಲ್ಲಿ ನೀವು, “ನಿಮ್ಮ ಮನೆಯವ್ರ ನಂಬರ್ ಕೊಡಿ ಮೇಡಂ, ಅವ್ರ ಹತ್ರಾನೇ ಮಾತಾಡ್ತೀನಿ” ಎಂದಿರಿ. ನಮ್ಮ ಮನೆಯವರಿಗೆ ಡ್ರೈವಿಂಗ್ ಬರುವುದಿಲ್ಲ ಸ್ವಾಮೀ. ಕಾರಿನ ಬಗ್ಗೆ ಅವರಿಗಿರುವ ಒಟ್ಟು ಜ್ಞಾನ, ಎಡಗಡೆ ಕೂತುಕೊಂಡು ಮುಂದೆ ಹಂಪ್ ಇದೆ ಎಂದು ಹಂಪ್ ದಾಟಿದ ಮೇಲೆ ಹೇಳುವುದು. ಕಾರು ನನ್ನದು, ಆರ್‌ಸಿ ನನ್ನ ಹೆಸರಲ್ಲಿದೆ, ಸಾಲ ತೀರಿಸಿದ್ದೂ ನಾನೇ. ಬ್ಯಾಂಕಿನ ಕೌಂಟರಿನಲ್ಲಿ ಜನರ ಬಡ್ಡಿ ಲೆಕ್ಕ ಹಾಕಿ ಹಾಕಿ ನಿವೃತ್ತಳಾದವಳು. ಎರಡು ಸಾವಿರಕ್ಕೂ ಒಡೆದ ಲ್ಯಾಂಪಿಗೂ ಲೆಕ್ಕ ಹೊಂದುವುದಿಲ್ಲ ಎಂದು ಅಲ್ಲೇ ಗೊತ್ತಾಗಿತ್ತು.

ಕಾನೂನು ಏನನ್ನುತ್ತದೆ ಎಂದು ನಿಮಗೆ ಆಗ ಹೇಳಲಿಲ್ಲ, ಹಿಂದಿನವರ ಹಾರನ್ನಿನಲ್ಲಿ ಕೇಳಿಸುತ್ತಲೂ ಇರಲಿಲ್ಲ. ಮುಂದಿನ ಗಾಡಿ ಇದ್ದಕ್ಕಿದ್ದಂತೆ ನಿಧಾನಿಸಿದರೂ, ನಿಂತರೂ ಗುದ್ದದಷ್ಟು ಅಂತರವನ್ನು ಹಿಂದಿನವರು ಇಟ್ಟುಕೊಳ್ಳಬೇಕು. 1989ರ ರಸ್ತೆ ನಿಯಮದಲ್ಲೂ ಹಾಗೇ ಇತ್ತು, ಅದನ್ನು ತೆಗೆದು 2017ರಲ್ಲಿ ತಂದ ನಿಯಮದಲ್ಲೂ ಹಾಗೇ ಇದೆ. ಅಂದರೆ ನಾನ್ಯಾಕೆ ಬ್ರೇಕ್ ಹಾಕಿದೆ ಎಂಬ ನಿಮ್ಮ ಪ್ರಶ್ನೆಗೆ ಸರ್ಕಾರ ಎರಡೆರಡು ಸಲ ಉತ್ತರ ಕೊಟ್ಟಾಗಿದೆ. ನೀವು ಓದಿಲ್ಲ, ಅಷ್ಟೆ.

ಪೊಲೀಸರ ಹತ್ತಿರವೂ ಹೋದೆ. ಅಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ನಿಜಕ್ಕೂ ಒಳ್ಳೆಯವರು. ಕೂರಿಸಿ, ನೀರು ಕೊಟ್ಟು, “ಯಾರಿಗಾದ್ರೂ ಪೆಟ್ಟಾಗಿದ್ಯೇನಮ್ಮ?” ಎಂದರು. ಇಲ್ಲ ಎಂದೆ. “ಕೇಸ್ ಹಾಕ್ಬೋದು. ಆದ್ರೆ ಎರಡೂ ಗಾಡಿ ಸ್ಟೇಷನ್ ಮುಂದೆ ನಿಲ್ಬೇಕು, ಆರ್‌ಟಿಒ ಇನ್‌ಸ್ಪೆಕ್ಟರ್ ಬಂದು ಬ್ರೇಕ್ ಸರಿ ಇತ್ತಾ ಅಂತ ನೋಡ್ಬೇಕು, ಆಮೇಲೆ ಬಿಡಿಸ್ಕೊಳ್ಬೇಕು” ಎಂದು ವಿವರಿಸಿದರು. ನನ್ನ ಬ್ರೇಕ್ ಸರಿಯಾಗಿತ್ತು, ಅದೇ ಅಲ್ಲವೇ ತಕರಾರು! ಅಜಾಗರೂಕ ಚಾಲನೆಗೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿಮ್ಮನ್ನು ಜೈಲಿಗೆ ಕಳಿಸುವ ಆಸೆ ನನಗಿಲ್ಲ. ಒಂದು ಟೈಲ್ ಲ್ಯಾಂಪು ಸಾಕಿತ್ತು.

ನೀವು ಕೊಟ್ಟ ಮೊಬೈಲ್ ನಂಬರಿಗೆ ಗ್ಯಾರೇಜಿನ ಎಸ್ಟಿಮೇಟ್ ಕಳಿಸಿದೆ. “ಓಕೆ ಮೇಡಂ, ನೋಡ್ತೀನಿ” ಎಂದಿರಿ. ಇನ್ನೂ ನೋಡುತ್ತಿದ್ದೀರಿ. ಕೈಮುಗಿದ ಚಿಹ್ನೆ ಒಂದು ಬಂತು, ಆಮೇಲೆ ನಿಮ್ಮ ಡಿಪಿಯೂ ಮಾಯ.

ನಿಮ್ಮ ಜೊತೆಗಿನ ಜಗಳ ಅಲ್ಲಿಗೆ ಬಿಟ್ಟು, ಕಟ್ಟಿದ ಇನ್ಶೂರೆನ್ಸ್ ಇದೆಯಲ್ಲ ಎಂದುಕೊಂಡೆ. ಇಲ್ಲಿಂದ ಮುಂದೆ ಈ ಪತ್ರ ನಿಮ್ಮನ್ನು ಬಿಟ್ಟು ಎತ್ತಲೋ ಹೋದರೆ ಕ್ಷಮಿಸಿ.

ಕಾಲ್ ಸೆಂಟರಿಗೆ ಫೋನ್ ಮಾಡಿದೆ. ಕನ್ನಡಕ್ಕೆ ಒತ್ತಬೇಕಾದ ಅಂಕಿ ಒತ್ತಿದೆ, ಹಿಂದಿ ಬಂತು. ಅದು ಇರಲಿ. ಕೊನೆಗೆ ಒಬ್ಬ ಕನ್ನಡದ ಹುಡುಗ ಸಿಕ್ಕಿ ಒಂದೊಂದೇ ಕೇಳುತ್ತಾ ಹೋದ. ಅಪಘಾತದ ಸಮಯದಲ್ಲಿ ನಿಮ್ಮ ವಾಹನದ ವೇಗ ಎಷ್ಟಿತ್ತು ಮೇಡಂ? ಸೊನ್ನೆ ಎಂದೆ. ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು. “ಸಿಸ್ಟಮ್ ಸೊನ್ನೆ ತಗೊಳ್ತಿಲ್ಲ ಮೇಡಂ. ಹತ್ತು ಅಂತ ಹಾಕ್ಲಾ?” ಬೇಡಪ್ಪ, ನಾನು ನಿಂತಿದ್ದೆ. “ಐದು?” ನಿಂತಿದ್ದೆ ಕಣಪ್ಪ. “ಒಂದಾದ್ರೂ ಹಾಕ್ಬೇಕು ಮೇಡಂ, ಇಲ್ಲಾಂದ್ರೆ ಮುಂದಿನ ಪೇಜು ಓಪನ್ ಆಗಲ್ಲ.” ಹೀಗೆ, ನಕ್ಷತ್ರದವರೇ, ಕೆಂಪು ದೀಪದಲ್ಲಿ ಗಂಟೆಗೆ ಒಂದು ಕಿಲೋಮೀಟರ್ ವೇಗದಲ್ಲಿ ಮುನ್ನುಗ್ಗುತ್ತಿದ್ದ ಮಹಿಳೆ ಎಂದು ನಾನು ದಾಖಲಾಗಿದ್ದೇನೆ.

ಇನ್ನು ಲೆಕ್ಕ. ದಯವಿಟ್ಟು ಎದ್ದು ಹೋಗಬೇಡಿ, ಇದು ನಿಮಗೂ ಉಪಯೋಗಕ್ಕೆ ಬರುತ್ತದೆ, ನಾಳೆ ನಿಮಗೂ ಯಾರಾದರೂ ಗುದ್ದಬಹುದು. ಬಿಲ್ಲು 14,000. ಬಂಪರ್ 4,400, ಲ್ಯಾಂಪ್ 2,600, ಟಿಂಕರಿಂಗ್ ಪೇಂಟಿಂಗ್ 6,000, ಕೂಲಿ 1,000. ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಸವಕಳಿ ಕಳೆಯುತ್ತಾರೆ, ಅದು ಎಲ್ಲ ಕಂಪನಿಯಲ್ಲೂ ಇರುವ ನಿಯಮ. ಗಾಜಿಗೆ ಮಾತ್ರ ಸವಕಳಿ ಇಲ್ಲ. ಲ್ಯಾಂಪು ಗಾಜಲ್ಲವೇ ಎಂದು ಆಸೆಯಿಂದ ಕೇಳಿದೆ. “ಗಾಜಿನ ಥರ ಕಾಣತ್ತೆ ಮೇಡಂ, ಪ್ಲಾಸ್ಟಿಕ್ಕು.” ಸರಿ, ಬಂಪರಿನಲ್ಲಿ 2,200, ಲ್ಯಾಂಪಿನಲ್ಲಿ 1,300 ಹೋಯಿತು. ಪೇಂಟಿಂಗಿನಲ್ಲಿ ಕಾಲು ಭಾಗ ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲರ್ಧ, ಅಂದರೆ 750 ಹೋಯಿತು. 1,500 ಸಿ.ಸಿ. ಒಳಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ನಾವೇ ಹಾಕಿಕೊಳ್ಳಬೇಕಾದ ಸಾವಿರ ಹೋಯಿತು. ಉಳಿದದ್ದು 8,750.

ಪರವಾಗಿಲ್ಲ ಎನ್ನುತ್ತೀರಿ. ನಾನೂ ಹಾಗೇ ಎಂದುಕೊಂಡಿದ್ದೆ. ಆಗ ಹುಡುಗ ಮೆತ್ತಗೆ, “ಎನ್‌ಸಿಬಿ ಝೀರೋ ಆಗತ್ತೆ ಮೇಡಂ” ಎಂದ. ಐದು ವರ್ಷ ಒಂದೂ ಕ್ಲೇಮ್ ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್ಸು ಶೇ. 50. ನನ್ನ ಸ್ವಂತ ಹಾನಿಯ ಪ್ರೀಮಿಯಂ 6,000, ಬೋನಸ್ ಕಳೆದು 3,000 ಕಟ್ಟುತ್ತೇನೆ. ಕ್ಲೇಮ್ ಮಾಡಿದರೆ ಮುಂದಿನ ವರ್ಷ ಪೂರ್ತಿ 6,000. ಆಮೇಲೆ ಮತ್ತೆ ಒಂದನೇ ಕ್ಲಾಸಿನಿಂದ ಶುರು: ಶೇ. 20, 25, 35, 45, ಕೊನೆಗೆ 50. ಪ್ರೀಮಿಯಂ ಏರಿಳಿಯದು ಎಂದೇ ಹಿಡಿದು ವರ್ಷಾವರ್ಷದ ನಷ್ಟ ಕೂಡಿದೆ: ಮೂರು ಸಾವಿರ, 1,800, 1,500, 900, 300. ಒಟ್ಟು 7,500. ಅಂದರೆ ಕಂಪನಿ 8,750 ಕೊಟ್ಟು, ನಿಧಾನವಾಗಿ ಐದು ವರ್ಷ ಹೊಂಚು ಹಾಕಿ 7,500 ವಾಪಸ್ ಇಸಿದುಕೊಳ್ಳುತ್ತದೆ. ನನಗೆ ನಿಕ್ಕಿ ಉಳಿಯುವುದು 1,250 ರೂಪಾಯಿ. ಆಟೊ ಖರ್ಚು ಬೇರೆ. ನನ್ನ ಸೊನ್ನೆಯನ್ನು ಸುತರಾಂ ಒಪ್ಪದ ಆ ಸಿಸ್ಟಮ್ಮು ಬೋನಸ್ಸಿನ ಸೊನ್ನೆಯನ್ನು ಎಷ್ಟು ಸಲೀಸಾಗಿ ತೆಗೆದುಕೊಳ್ಳುತ್ತದೆ ನೋಡಿ!

ನಿಂತಲ್ಲೇ ನಿಂತು ಗುದ್ದಿಸಿಕೊಂಡವಳಿಗೂ, ಕಣ್ಣು ಮುಚ್ಚಿಕೊಂಡು ಹೋಗಿ ಗುದ್ದಿದವರಿಗೂ ಬೋನಸ್ಸಿನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ತಪ್ಪು ಯಾರದ್ದು ಎಂಬ ಕಾಲಮ್ಮೇ ಅಲ್ಲಿಲ್ಲ. ಹಣ ಕೊಟ್ಟರೋ ಇಲ್ಲವೋ, ಅಷ್ಟೇ. ಬೋನಸ್ ಉಳಿಸಿಕೊಳ್ಳಲು ಪ್ರತ್ಯೇಕ ಪ್ರೀಮಿಯಂ ಕಟ್ಟುವ ಆ್ಯಡ್-ಆನ್ ಇದೆ, ಸವಕಳಿ ಕಳೆಯದಿರಲು ಇನ್ನೊಂದಿದೆ. ಇನ್ಶೂರೆನ್ಸಿನ ಮೇಲೆ ಇನ್ಶೂರೆನ್ಸು. ಎಂಟು ವರ್ಷದ ಕಾರಿಗೆ ಎರಡನೆಯದನ್ನು ಕೊಡಲು ಇವರಿಗೇ ಮನಸ್ಸಿಲ್ಲ.

ಹಾಗಾದರೆ ಗುದ್ದಿದವರ ಇನ್ಶೂರೆನ್ಸಿನಿಂದ ವಸೂಲು ಮಾಡೋಣ ಎಂದೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲದೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ ಎಂದು 1988ರ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದಲ್ಲ. 1,000ದಿಂದ 1,500 ಸಿ.ಸಿ. ಕಾರಿಗೆ 2022ರ ಜೂನ್‌ನಿಂದ ಜಾರಿಗೆ ಬಂದ ದರ ವರ್ಷಕ್ಕೆ 3,416. ನಾನು ಕಟ್ಟಿದ್ದೇನೆ, ನೀವೂ ಕಟ್ಟಿದ್ದೀರಿ, ಆ್ಯಪಿನಲ್ಲಿ ನೋಡಿದೆ. ನೀವು ಇನ್ನೊಬ್ಬರ ಆಸ್ತಿಗೆ ಮಾಡುವ ಹಾನಿಗೆ ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ ರಕ್ಷಣೆ ಇರುತ್ತದೆ. ನಾನು ಕೇಳುತ್ತಿರುವುದು ಹದಿನಾಲ್ಕು ಸಾವಿರ. “ಅದಕ್ಕೆ ಟ್ರಿಬ್ಯೂನಲ್‌ಗೆ ಹೋಗ್ಬೇಕು ಮೇಡಂ” ಎಂದ ಹುಡುಗ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಕೈಕಾಲು ಕಳೆದುಕೊಂಡವರು, ಮನೆಗೆ ದುಡಿಯುವವನನ್ನೇ ಕಳೆದುಕೊಂಡವರು ವರ್ಷಗಟ್ಟಲೆ ಕಾಯುವ ಜಾಗದಲ್ಲಿ ನಾನು ಟೈಲ್ ಲ್ಯಾಂಪಿನ ಅರ್ಜಿ ಹಿಡಿದು ನಿಲ್ಲಬೇಕಂತೆ. ಎಫ್‌ಐಆರ್ ಪ್ರತಿ ತನ್ನಿ ಎನ್ನುತ್ತಾರೆ, ಎಫ್‌ಐಆರ್ ಬೇಕೆಂದರೆ ಕಾರು ಸ್ಟೇಷನ್ ಮುಂದೆ ನಿಲ್ಲಬೇಕು.

ಈಗ ಆಮೇಲೆ ಬರುತ್ತೇನೆ ಎಂದಿದ್ದೆನಲ್ಲ, ಆ ಪುಣ್ಯಾತ್ಮರ ವಿಷಯ. ನಿಮ್ಮ ಕಂಪನಿ, ನನ್ನ ಕಂಪನಿ ಎರಡೂ ಒಂದೇ! ನಿಮ್ಮಿಂದಲೂ ಪ್ರೀಮಿಯಂ ತೆಗೆದುಕೊಂಡವರು ಅವರೇ, ನನ್ನಿಂದಲೂ ಅವರೇ. ನಾನು ನ್ಯಾಯಮಂಡಳಿಗೆ ಹೋದರೆ ನಿಮ್ಮ ಪರ ವಕೀಲರನ್ನು ಇಟ್ಟು, ಈ ಹೆಂಗಸು ಗಂಟೆಗೆ ಒಂದು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದಳು, ಯಾಕೆ ಬ್ರೇಕ್ ಹಾಕಿದಳು ಎಂದು ನನ್ನನ್ನು ಕೇಳಿಸುವವರೂ ಅವರೇ. ಎರಡು ಕಾರು, ಎರಡು ಪಾಲಿಸಿ, ಒಂದು ಗಲ್ಲಾಪೆಟ್ಟಿಗೆ. ಒಡೆದ ಲ್ಯಾಂಪಿಗೆ ಮಾತ್ರ ಅದರ ಬೀಗದ ಕೈ ಯಾರ ಹತ್ತಿರವೂ ಇಲ್ಲ.

ಇವತ್ತಿನದ್ದು ಕೇಳಿ. ಹನ್ನೊಂದಕ್ಕೆ ಗ್ಯಾರೇಜಿಗೆ ಬನ್ನಿ, ಸರ್ವೇಯರ್ ಬರುತ್ತಾರೆ ಎಂದರು. ಹೋದೆ. ಆಯಿಲ್ ಡ್ರಮ್ಮಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಮಧ್ಯಾಹ್ನವಾಯಿತು, ಹುಡುಗರು ಊಟದ ಡಬ್ಬಿ ತೆಗೆದರು, ನನಗೂ ಚಿತ್ರಾನ್ನ ಕೊಟ್ಟರು. ಆಮೇಲೆ ಫೋನು: ಬರಲಾಗುವುದಿಲ್ಲ, ವಿಡಿಯೋ ಕಾಲಿನಲ್ಲೇ ಮಾಡಿಬಿಡೋಣ. ಮೊದಲ ಮಾತು, “ಮನೆಯಲ್ಲಿ ಸರ್ ಇಲ್ವಾ ಮೇಡಂ?” ಫೋನ್ ಹಿಡಿದುಕೊಂಡು ನಾನು ಬಂಪರಿನ ಮುಂದೆ ಬಗ್ಗಿದೆ, ಎದ್ದೆ, ಹಿಂದೆ ಹೋದೆ. ಇನ್ನೂ ಸ್ವಲ್ಪ ಹಿಂದೆ ಎಂದರು. ಗ್ಯಾರೇಜ್ ಮುಗಿದು ರಸ್ತೆ ಬಂತು. ಇನ್ನೂ ಹಿಂದೆ ಹೋದರೆ ನನಗೇ ಯಾರಾದರೂ ಗುದ್ದುತ್ತಾರೆ, ಆಗ ನನ್ನ ವೇಗ ಎಷ್ಟು ಬರೆಯುತ್ತೀರಿ ಎಂದು ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ. “ಈ ಡೆಂಟು ಹಳೇದಲ್ವಾ?” ಎಂದರು. ಅಲ್ಲ. “ಸಡನ್ ಬ್ರೇಕ್ ಏನಾದ್ರೂ ಹಾಕಿದ್ರಾ?”

ಆಗ ಫೋನ್ ಇಟ್ಟೆ. ತಮಾಷೆ ಸಾಕು. ವರ್ಷ ವರ್ಷ ತಾರೀಖಿಗೆ ಮೊದಲೇ ನೆನಪಿಸಿ, ಮೆಸೇಜಿನ ಮೇಲೆ ಮೆಸೇಜು ಹಾಕಿ ದುಡ್ಡು ಕಟ್ಟಿಸಿಕೊಳ್ಳುತ್ತೀರಿ. ಒಂದು ದಿನ, ಒಂದೇ ಒಂದು ದಿನ ನಿಮ್ಮ ಅಗತ್ಯ ಬಿದ್ದರೆ ಗ್ರಾಹಕರನ್ನು ಕಳ್ಳರಂತೆ ಪ್ರಶ್ನಿಸುತ್ತೀರಿ. ಕ್ಲೇಮ್ ಮಾಡದಿದ್ದರೆ ಬಹುಮಾನ, ಮಾಡಿದರೆ ದಂಡ ಎಂದಾದರೆ ಅದಕ್ಕೆ ವಿಮೆ ಎಂದೇಕೆ ಹೆಸರಿಟ್ಟಿರಿ? ನಾಚಿಕೆಯಾಗಬೇಕು. ಇದು ನಿಮಗಲ್ಲ ನಕ್ಷತ್ರದವರೇ, ಅವರಿಗೆ. ನಿಮ್ಮ ಮೇಲೆ ಸಿಟ್ಟು ಕಡಿಮೆಯಾಗಿದೆ. ನೀವು ಒಂದೇ ಸಲ ಗುದ್ದಿದಿರಿ.

ಕ್ಲೇಮನ್ನು ವಾಪಸ್ ತೆಗೆದುಕೊಂಡಿದ್ದೇನೆ. ಹಣ ಪಡೆಯದಿದ್ದರೆ ಬೋನಸ್ಸಿಗೆ ಧಕ್ಕೆ ಇಲ್ಲವಂತೆ. ಇನ್ನು ಉಳಿದವರು ನಾನು ಮತ್ತು ನೀವು. ನಿಮ್ಮ ಕಂಪನಿಯಿಂದ ನಿಮಗೂ ಏನೂ ಹುಟ್ಟುವುದಿಲ್ಲ, ನನಗೂ ಹುಟ್ಟುವುದಿಲ್ಲ, ಆದ್ದರಿಂದ ಮಧ್ಯವರ್ತಿ ಬೇಡ. ಬಿಲ್ಲು 14,000. ಗ್ಯಾರೇಜಿನವರು ಚಿತ್ರಾನ್ನ ಕೊಟ್ಟ ವಿಶ್ವಾಸಕ್ಕೆ ಸಾವಿರ ಬಿಟ್ಟಿದ್ದಾರೆ, 13,000 ಹಾಕಿ. ವಾಟ್ಸ್ಆ್ಯಪಿನಲ್ಲಿ ಅವರ ಕ್ಯುಆರ್ ಕೋಡ್ ಕಳಿಸಿದ್ದೇನೆ. ಒಟ್ಟಿಗೆ ಆಗದಿದ್ದರೆ ಎರಡು ಕಂತು ಮಾಡಿಕೊಡುತ್ತೇನೆ, ಬಡ್ಡಿ ಹಿಡಿಯುವುದಿಲ್ಲ. ಏನಾದರೂ ಕೇಳುವುದಿದ್ದರೆ ನನ್ನನ್ನೇ ಕೇಳಿ, ನಮ್ಮ ಮನೆಯವರನ್ನಲ್ಲ.

ಇಂತಿ,
ನಿಮ್ಮ ಮುಂದೆ ನಿಂತಿದ್ದವಳು

ತಾ.ಕ.: ಶನಿವಾರ ಗ್ಯಾರೇಜು ಎರಡು ಗಂಟೆಗೇ ಮುಚ್ಚುತ್ತಾರೆ. ಲ್ಯಾಂಪು ತರಿಸಬೇಕಾದರೆ ಶುಕ್ರವಾರದೊಳಗೆ ಹಣ ಬಿದ್ದಿರಬೇಕು.